ಮಹಜರಿನ ‘ಕಾಡು ಜಾತಿ’ಗೂ ಒಂದು ಹೆಸರುಂಟು: ಕತ್ತಲೆಕಾನಿನ ಗೇರು ಎಲ್ಲೂರಿನವರಿಗೆ ಯಾಕೆ ಬೇಕು?

ರಸ್ತೆ ಅಗಲ ಮಾಡಲಿಕ್ಕೆ ಅಥವಾ ಟವರ್ ಲೈನ್ ಎಳೆಯಲಿಕ್ಕೆ ಅಳತೆ ಮಾಡುವವರು ಬಂದಾಗ ಮರಗಳ ಪಟ್ಟಿಯೂ ಆಗುತ್ತದೆ. ಮಾವು ಇಷ್ಟು, ಹಲಸು ಇಷ್ಟು, ತೆಂಗು ಇಷ್ಟು, ಅಡಿಕೆ ಇಷ್ಟು. ಸಾಗುವಾನಿ, ಬೀಟೆ ಇದ್ದರೆ ಅದಕ್ಕೆ ಪ್ರತ್ಯೇಕ ಸಾಲು. ಇವೆಲ್ಲ ಮುಗಿದ ಮೇಲೆ ಪಟ್ಟಿಯ ಕೊನೆಗೆ ಒಂದು ಸಾಲು ಬರುತ್ತದೆ: ‘ಕಾಡು ಜಾತಿ’. ಅದರ ಎದುರು ಒಂದು ಸಂಖ್ಯೆ ಬರೆದರೆ ಕೆಲಸ ಮುಗಿಯಿತು.

ಆ ಸಂಖ್ಯೆಯೊಳಗೆ ಏನೆಲ್ಲ ಉಂಟು ಅಂತ ಯಾರೂ ಕೇಳುವುದಿಲ್ಲ. ಧೂಪದ ಮರ ಇರಬಹುದು, ಹೊನ್ನೆ ಇರಬಹುದು, ಕಿರಾಲ್‌ಬೋಗಿ ಇರಬಹುದು. ವಿಜ್ಞಾನಕ್ಕೇ ಇನ್ನೂ ಗೊತ್ತಿಲ್ಲದ ಮರವೂ ಇರಬಹುದು. ಕೊನೆಯ ಮಾತು ಉತ್ಪ್ರೇಕ್ಷೆ ಅನ್ನಿಸಿದರೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ನಡೆದ ಸಂಗತಿ ಕೇಳಿ.

ಹೆದ್ದಾರಿ ಪಕ್ಕದಲ್ಲಿದ್ದ ಹೊಸ ಮರ

ಹೊನ್ನಾವರದಿಂದ ಜೋಗಕ್ಕೆ ಬಸ್ಸಿನಲ್ಲೋ ಕಾರಿನಲ್ಲೋ ಹೋದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಗೇರುಸೊಪ್ಪ ದಾಟಿ ಘಾಟಿ ಹತ್ತುವಾಗ ಎರಡೂ ಬದಿ ಹಗಲಿನಲ್ಲೇ ಮಬ್ಬು ಕವಿದ ಕಾಡು ಸಿಗುತ್ತದೆ. ಸಿದ್ದಾಪುರ ತಾಲೂಕಿಗೆ ಸೇರಿದ ಆ ಜಾಗದ ಹೆಸರು ಕತ್ತಲೆಕಾನು. ಬಿಸಿಲು ನೆಲಕ್ಕೆ ಬೀಳದ ಕಾಡು ಅಂತ ಹಿಂದಿನವರು ಇಟ್ಟ ಹೆಸರು.

2000ನೇ ಇಸವಿಯಲ್ಲಿ ದಾಸಪ್ಪ ಮತ್ತು ಎಂ.ಎಚ್. ಸ್ವಾಮಿನಾಥ್ ಅವರು ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಆ ಕಾಡಿನ ಜೌಗಿನಿಂದ ಒಂದು ಮರವನ್ನು ವರ್ಣಿಸಿದರು. ಅದು ಅಲ್ಲಿಯವರೆಗೆ ಜಗತ್ತಿನ ಯಾವ ಸಸ್ಯ ಪಟ್ಟಿಯಲ್ಲೂ ಇರಲಿಲ್ಲ. ಅವರು ಅದಕ್ಕೆ ಇಟ್ಟ ಹೆಸರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಕೊನೆಯ ‘ಎನ್ಸಿಸ್’ ಅಂದರೆ ಇಂಥ ಊರಿನದು ಅಂತ. ಕತ್ತಲೆಕಾನಿನ ಗೇರು ಅಂದರೆ ಅರ್ಥ ಸರಿಯಾಗಿಯೇ ಬರುತ್ತದೆ.

ಗೇರು ಅಂದ ಕೂಡಲೇ ನಮಗೆ ಗೇರುಬೀಜದ ನೆನಪು ಬರುವುದು ಸಹಜ. ಕಾರ್ಕಳ, ಕುಂದಾಪುರ ಕಡೆಯ ಕಾರ್ಖಾನೆಗಳಲ್ಲಿ ಎಷ್ಟೋ ಮನೆಯ ಹೆಂಗಸರು ಸಿಪ್ಪೆ ತೆಗೆದು ಸಂಸಾರ ನಡೆಸಿದ್ದು ಅದರಿಂದಲೇ. ಆದರೆ ಗೋಡಂಬಿಯ ಗೇರು ಇಲ್ಲಿಯದಲ್ಲ, ಬ್ರೆಜಿಲಿನಿಂದ ಪೋರ್ಚುಗೀಸರು ತಂದದ್ದು. ನಮ್ಮ ಕಾಡಿನ ಗೇರು ಬೇರೆ. ಅದರ ಕಾಯಿಯ ಕಪ್ಪು ರಸದಿಂದ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಮೈಗೆ ತಾಗಿದರೆ ಬೊಬ್ಬೆ ಏಳುವ ಸೊನೆ ಅದು. ಕತ್ತಲೆಕಾನಿನ ಮರ ಈ ಗೇರಿನ ಕುಲದ್ದು. ಮಾವು, ಗೋಡಂಬಿ, ಕಾಡುಗೇರು ಎಲ್ಲ ಒಂದೇ ಕುಟುಂಬ.

ದೊಡ್ಡವರ ಕಣ್ಣಿಗೂ ಬೀಳಲಿಲ್ಲ

ಇದು ಯಾರೂ ಕಾಲಿಡದ ದುರ್ಗಮ ಕಾಡೇನಲ್ಲ. ಕೆನರಾ ಜಿಲ್ಲೆಯ ಗಿಡಮರಗಳನ್ನು ಬರೆದಿಡುವ ಕೆಲಸ ಇನ್ನೂರು ವರ್ಷದಿಂದ ನಡೆದಿದೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ನಮ್ಮ ಕರಾವಳಿಯಲ್ಲಿ ಸುತ್ತಾಡಿ ಬೆಳೆ, ಮರ, ವ್ಯಾಪಾರ ಎಲ್ಲ ಟಿಪ್ಪಣಿ ಮಾಡಿದ. ಹೂಕರ್ ನೇತೃತ್ವದಲ್ಲಿ ಇಡೀ ಬ್ರಿಟಿಷ್ ಇಂಡಿಯಾದ ಸಸ್ಯಗಳ ಗ್ರಂಥ ಬಂತು. ಆಮೇಲೆ ಥಿಯೋಡರ್ ಕುಕ್ ಬಾಂಬೆ ಪ್ರಾಂತ್ಯದ ಸಸ್ಯಗಳ ಬಗ್ಗೆ ಬರೆದ. ಉತ್ತರ ಕನ್ನಡ ಆಗ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಅದೇ ಪ್ರಾಂತ್ಯದ ಅರಣ್ಯಾಧಿಕಾರಿ ಟಾಲ್ಬಟ್ 1909–11ರಲ್ಲಿ ಮರಗಳ ಬಗ್ಗೆಯೇ ಎರಡು ಸಂಪುಟ ತಂದ. ಇಷ್ಟು ಮಂದಿ ದುಡಿದರೂ ಈ ಮರ ದಾಖಲೆಗೆ ಬಂದದ್ದು 2000ದಲ್ಲಿ.

ಯಾಕೆ ತಪ್ಪಿತು? ಮರಗಳ ಸಂಖ್ಯೆ ತೀರಾ ಕಮ್ಮಿ, ಅದೂ ಕೆಲವೇ ಜೌಗುಗಳಲ್ಲಿ. ಮೊಣಕಾಲು ಮಟ್ಟ ಹೂಳಿನಲ್ಲಿ ನಿಂತು, ಎತ್ತರದ ಕೊಂಬೆಯಲ್ಲಿ ಬಿಡುವ ಹೂವನ್ನು ಸರಿಯಾದ ತಿಂಗಳಲ್ಲಿ ನೋಡಬೇಕು. ಹೂವು, ಕಾಯಿ ಕಾಣದಿದ್ದರೆ ಅದರ ನೆಂಟರ ಹಾಗೆಯೇ ಕಾಣುತ್ತದೆ. ಮೇಲಿಂದ ಈ ಬಳಗದ ಮರ ಅಂದರೆ ಸೊನೆಯ ಹೆದರಿಕೆಗೆ ಜನ ಮಾರು ದೂರ ನಿಲ್ಲುತ್ತಾರೆ.

ಅಂದರೆ ಈ ಮರ ಅಡಗಿ ಕೂತಿರಲಿಲ್ಲ. ನೋಡಿದವರು ‘ಎಂಥದೋ ಒಂದು ಗೇರು’ ಅಂತ ಮುಂದೆ ಹೋಗಿದ್ದರು ಅಷ್ಟೇ. ಮಹಜರಿನ ‘ಕಾಡು ಜಾತಿ’ ಅನ್ನುವ ಸಾಲೂ ಅದೇ ಕೆಲಸ ಮಾಡುತ್ತದೆ.

ಹೆಸರಿಡುವುದು ಅಂದರೆ ನಾಮಕರಣದ ಹಾಗಲ್ಲ

ಹೊಸ ಮರ ಸಿಕ್ಕಿತು ಅಂತ ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿದರೆ ಹೆಸರು ಸಿಗುವುದಿಲ್ಲ. ಅದಕ್ಕೊಂದು ಕ್ರಮ ಉಂಟು. ಎಲೆ, ಹೂವು, ಕಾಯಿ ಇರುವ ಕೊಂಬೆ ತಂದು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಬೇಕು. ಎಲ್ಲಿಂದ, ಯಾವ ದಿನ, ಯಾರು ತಂದದ್ದು ಅಂತ ಬರೆಯಬೇಕು. ಅಂಥ ಒಂದು ಹಾಳೆಯನ್ನು ‘ಇದೇ ಮೂಲ ಮಾದರಿ’ ಅಂತ ಸಾರಿ ಸಸ್ಯ ಸಂಗ್ರಹಾಲಯದಲ್ಲಿ ಇಡಬೇಕು. ಹತ್ತಿರದ ಜಾತಿಗಳಿಗಿಂತ ಇದು ಯಾವುದರಲ್ಲಿ ಬೇರೆ ಅಂತ ಬರೆದು ಪ್ರಕಟಿಸಬೇಕು. 2011ರ ಕೊನೆಯವರೆಗೆ ಆ ವಿವರಣೆ ಲ್ಯಾಟಿನ್ ಭಾಷೆಯಲ್ಲಿ ಇರಲೇಬೇಕಿತ್ತು. 2012ರಿಂದ ಇಂಗ್ಲಿಷ್ ಆದರೂ ನಡೆಯುತ್ತದೆ.

ಅಂಗಡಿ ಇಟ್ಟವರಿಗೆ ಇದರ ತೂಕ ಬೇಗ ಅರ್ಥ ಆಗುತ್ತದೆ. ಸ್ಟಾಕ್ ಪುಸ್ತಕದಲ್ಲಿ ಹೆಸರು ಹಾಕಿ ಬರೆದ ಸಾಮಾನು ಒಂದು ಕಮ್ಮಿ ಆದರೂ ಸಂಜೆಗೆ ಗೊತ್ತಾಗುತ್ತದೆ. ‘ಇತರೆ’ ಅಂತ ಬರೆದದ್ದರಲ್ಲಿ ಹತ್ತು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಹೆಸರು ಬಿದ್ದ ಮೇಲೆ ಮಾತ್ರ ಲೆಕ್ಕ ಕೇಳಲಿಕ್ಕೆ ಬರುವುದು.

ಜೌಗಿನ ಮರ, ಮಸಾಲೆ ಅಂಗಡಿಯ ನೆಂಟರು

ಕತ್ತಲೆಕಾನಿನ ಈ ಗೇರು ಬೆಳೆಯುವ ಜಾಗಕ್ಕೆ ಇಂಗ್ಲಿಷಿನಲ್ಲಿ ‘ಮಿರಿಸ್ಟಿಕಾ ಸ್ವಾಂಪ್’ ಅನ್ನುತ್ತಾರೆ. ಮಿರಿಸ್ಟಿಕಾ ಅಂದರೆ ಜಾಯಿಕಾಯಿಯ ಕುಲ. ನಮ್ಮ ಮಸಾಲೆ ಅಂಗಡಿಗಳಲ್ಲಿ ಸಿಗುವ ರಾಂಪತ್ರೆ ಇದೆಯಲ್ಲ, ಅದೂ ಜಾಯಿಕಾಯಿಯ ಕಾಡು ನೆಂಟನೇ. ಅದೇ ಬಳಗದ ಇನ್ನೆರಡು ಮರಗಳು ಈ ಜೌಗುಗಳಲ್ಲಿ ನಿಲ್ಲುತ್ತವೆ. ಅವುಗಳಲ್ಲಿ ಒಂದರ ಹೆಸರಿನ ಕೊನೆಗೆ ‘ಕೆನರಿಕಾ’ ಅಂತಲೇ ಉಂಟು, ಅಂದರೆ ನಮ್ಮ ಕೆನರಾದ್ದು.

ಜೌಗಿನ ನೆಲದಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಹಾಗಾಗಿ ಒಂದು ಮರದ ಬೇರು ಮಡಚಿದ ಮೊಣಕಾಲಿನ ಹಾಗೆ ನೀರಿನಿಂದ ಮೇಲೆದ್ದು ಉಸಿರಾಡುತ್ತದೆ. ಇನ್ನೊಂದು ಮರ ಕಾಂಡದಿಂದಲೇ ಊರುಗೋಲಿನಂಥ ಬೇರು ಇಳಿಸಿ ನಿಲ್ಲುತ್ತದೆ. ಈ ಜೌಗುಗಳು ಇರುವುದು ಹಳ್ಳ ಹುಟ್ಟುವ ಜಾಗದಲ್ಲಿ. ಮಳೆ ನೀರನ್ನು ತಡೆದು ನಿಧಾನವಾಗಿ ಬಿಡುವುದರಿಂದ ಕೆಳಗಿನ ಹಳ್ಳ ಬೇಸಿಗೆಯಲ್ಲೂ ಹರಿಯುತ್ತದೆ. ಕೆಳಗೆ ತೋಟ ಮಾಡಿದವರಿಗೆ ಇದು ಪುಸ್ತಕದ ಮಾತಲ್ಲ, ಏಪ್ರಿಲ್‌ನಲ್ಲಿ ಪಂಪು ನೀರು ಎಳೆಯುತ್ತದೋ ಇಲ್ಲವೋ ಅನ್ನುವ ಮಾತು.

ಮತ್ತೆ ಇಷ್ಟು ಅಪರೂಪ ಆದದ್ದು ಯಾಕೆ? ಇದಕ್ಕೆ ಉತ್ತರ ಸ್ವಲ್ಪ ನಮ್ಮ ಕಡೆಯೂ ಬೊಟ್ಟು ಮಾಡುತ್ತದೆ. ಎರಡು ಗುಡ್ಡದ ನಡುವಿನ ತಗ್ಗು, ವರ್ಷವಿಡೀ ನೀರು, ನೆರಳು, ಗೊಬ್ಬರದ ಮಣ್ಣು. ಅಡಿಕೆ ತೋಟಕ್ಕೂ ಗದ್ದೆಗೂ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ತಲೆತಲಾಂತರದಿಂದ ಇಂಥ ಜೌಗುಗಳೇ ಬೈಲು, ಗದ್ದೆ, ತೋಟ ಆಗಿವೆ. ಹಿರಿಯರು ಹೊಟ್ಟೆಪಾಡಿಗೆ ಮಾಡಿದ್ದನ್ನು ಈಗ ಕೂತು ದೂರುವುದರಲ್ಲಿ ಅರ್ಥ ಇಲ್ಲ. ಉಳಿದದ್ದು ಎಷ್ಟು ಅಂತ ಲೆಕ್ಕ ಇಡುವುದು ಮಾತ್ರ ನಮ್ಮ ಕೈಯಲ್ಲಿ ಉಂಟು.

ತೋಟದಲ್ಲಿ ಜಾಯಿಕಾಯಿ ಇಟ್ಟವರಿಗೆ ಇನ್ನೊಂದು ಕಷ್ಟ ಗೊತ್ತಿದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರ ಕಾಯಿ ಬಿಡುವುದಿಲ್ಲ, ಆದರೆ ಅದು ಇಲ್ಲದಿದ್ದರೆ ಹೆಣ್ಣೂ ಬಿಡುವುದಿಲ್ಲ. ಬೀಜ ಒಣಗಿಸಿ ಡಬ್ಬದಲ್ಲಿ ಇಟ್ಟರೆ ಮೊಳಕೆ ಬರುವುದಿಲ್ಲ, ತಾಜಾ ಇರುವಾಗಲೇ ಹಾಕಬೇಕು. ಕತ್ತಲೆಕಾನಿನ ಗೇರಿಗೂ ಇದೇ ಪಾಡು. ಹೀಗಿರುವಾಗ ಒಂದು ಜೌಗಿನಲ್ಲಿ ನಾಲ್ಕು ಮರ ಕಡಿದರೆ ಹೋಗುವುದು ನಾಲ್ಕು ಮರ ಮಾತ್ರ ಅಲ್ಲ. ಆ ನಾಲ್ಕರಲ್ಲಿ ಅಲ್ಲಿದ್ದ ಒಂದೇ ಒಂದು ಗಂಡು ಮರ ಇದ್ದರೆ, ಉಳಿದವು ಹಸಿರಾಗಿ ನಿಂತಿದ್ದರೂ ಆ ಜೌಗಿನ ಕಥೆ ಅಲ್ಲಿಗೇ ಮುಗಿಯಿತು.

ಹೆಸರು ಬಂದ ಮೇಲೆ ಏನಾಯಿತು?

ಮೊದಲನೆಯದಾಗಿ, ಅಧ್ಯಯನ ಶುರುವಾಯಿತು. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಆರ್. ವಾಸುದೇವ ಮತ್ತು ಸಂಗಡಿಗರು ಈ ಮರ ಎಲ್ಲೆಲ್ಲಿ ಉಂಟು, ಹೇಗೆ ಹೂ ಬಿಡುತ್ತದೆ, ಸಸಿ ಯಾಕೆ ಉಳಿಯುವುದಿಲ್ಲ ಅಂತ ನೋಡಿದರು. ಬೀಜ ತಂದು ನರ್ಸರಿಯಲ್ಲಿ ಸಸಿ ಮಾಡಿ ಜೌಗಿಗೇ ಮರಳಿ ನೆಡುವ ಕೆಲಸವೂ ಆಯಿತು. ಹೆಸರೇ ಇಲ್ಲದ ಮರಕ್ಕೆ ನರ್ಸರಿ ಮಾಡುವವರು ಯಾರು?

ಎರಡನೆಯದಾಗಿ, ಆ ಕಾಡುಗಳ ಮೇಲೆ ಕಣ್ಣು ಬಿತ್ತು. 2008ರಲ್ಲಿ ಎಂ.ಡಿ. ಸುಭಾಷ್‌ಚಂದ್ರನ್, ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತಿತರರು ಉತ್ತರ ಕನ್ನಡದ ಇಂಥ ಹಳೆಯ ಕಾಡುಗಳಲ್ಲಿ ಇನ್ನೂ ಎರಡು ಅಳಿವಿನಂಚಿನ ಮರಗಳನ್ನು ವರದಿ ಮಾಡಿದರು. ಒಂದು ನೇರಳೆಯ ಬಳಗದ್ದು, ಇನ್ನೊಂದು ಇಪ್ಪೆಯ ಬಳಗದ್ದು. ಅಲ್ಲಿಯವರೆಗೆ ಇವೆರಡೂ ಕೇರಳದ ದಕ್ಷಿಣ ಭಾಗದಲ್ಲಿ ಮಾತ್ರ ಇವೆ ಅಂತ ಪುಸ್ತಕಗಳಲ್ಲಿತ್ತು. ಸಿಕ್ಕಿದ್ದು ಸುಮಾರು 700 ಕಿ.ಮೀ. ಉತ್ತರಕ್ಕೆ. ನಡುವೆ ಇರುವುದು ಯಾವ ಜಿಲ್ಲೆಗಳು ಅಂತ ನಕ್ಷೆ ತೆಗೆದು ನೋಡಿ. ದಕ್ಷಿಣ ಕನ್ನಡ ಮತ್ತು ನಮ್ಮ ಉಡುಪಿಯೂ ಅದರಲ್ಲಿ ಬರುತ್ತವೆ.

ಮೂರನೆಯದಾಗಿ, ಕಾಗದದ ರಕ್ಷಣೆ ಸಿಕ್ಕಿತು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆ ಆದಾಗ ಕತ್ತಲೆಕಾನಿನ ಜೌಗುಗಳೂ ಅದರೊಳಗೆ ಬಂದವು. 2019ರಲ್ಲಿ ಅದೆಲ್ಲ ಸೇರಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಆಯಿತು.

ಹಾಗಂತ ಹೆಸರು ಬಂದರೆ ಮರ ಉಳಿಯಿತು ಅಂತಲ್ಲ. ಅದೇ ಶರಾವತಿ ಕಣಿವೆಯಲ್ಲಿ ಈಗ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಗಲಾಟೆ ನಡೆದಿದೆ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ, ನಡುವೆ ಸುರಂಗ. ಕರೆಂಟಿಗೆ ಬೇಡಿಕೆ ಕಮ್ಮಿ ಇರುವಾಗ ನೀರನ್ನು ಮೇಲಕ್ಕೆ ಎತ್ತುವುದು, ಹೆಚ್ಚಿರುವಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು. 2025ರ ಸೆಪ್ಟೆಂಬರಿನಲ್ಲಿ ಇದಕ್ಕೆ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. ಗೇರುಸೊಪ್ಪದಲ್ಲಿ ಜನ ದೊಡ್ಡ ಸಂಖ್ಯೆಯಲ್ಲಿ ಬಂದು ವಿರೋಧ ಹೇಳಿದರು. ಹದಿನೈದು ಸಾವಿರಕ್ಕೂ ಹೆಚ್ಚು ಮರ ಹೋಗುವ ಲೆಕ್ಕ ಅದರಲ್ಲಿ ಉಂಟು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ವಿರೋಧ ಮಾಡುವವರು ‘ಕಾಡು ಹೋಗುತ್ತದೆ’ ಅಂತ ಮಾತ್ರ ಹೇಳಿ ಸುಮ್ಮನಾಗಬೇಕಾಗಿಲ್ಲ. ಆ ಕಣಿವೆಯಲ್ಲಿ ಇಂಥ ಮರ ಉಂಟು, ಅದನ್ನು ಇಂಥ ವರ್ಷ ವರ್ಣಿಸಿದ್ದಾರೆ, ನಿಮ್ಮ ವರದಿಯಲ್ಲಿ ಅದರ ಬಗ್ಗೆ ಏನು ಬರೆದಿದ್ದೀರಿ ಅಂತ ಕೇಳಬಹುದು. ಹಾಗೆ ಕೇಳಿದ ಪ್ರಶ್ನೆ ದಾಖಲೆಗೆ ಹೋಗುತ್ತದೆ, ಉತ್ತರವನ್ನೂ ಬರೆಯಬೇಕಾಗುತ್ತದೆ. ತೀರ್ಮಾನ ಏನೇ ಬರಲಿ, ಮರದ ಹೆಸರು ಗೊತ್ತಿದ್ದದ್ದರಿಂದ ಇಷ್ಟಾದರೂ ಸಾಧ್ಯ ಆಯಿತು.

ಎಲ್ಲೂರಿಗೆ ಬಂದರೆ

ಪರಿಸರ ವರದಿ, ಅಹವಾಲು ಸಭೆ ಅಂದರೇನು ಅಂತ ಎಲ್ಲೂರಿನವರಿಗೆ ಹೇಳಿ ಕೊಡಬೇಕಾಗಿಲ್ಲ. 1,200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಇರುವುದು ನಮ್ಮ ಊರಿನಲ್ಲೇ. ಈಗ ಇಲ್ಲಿಂದ ಕಾಸರಗೋಡಿಗೆ 400 ಕೆ.ವಿ. ಲೈನ್ ಹೋಗುತ್ತಿದೆ. ಇನ್ನಾದಲ್ಲಿ ರೈತರು ಟವರ್ ಕೆಲಸಕ್ಕೆ ಅಡ್ಡ ನಿಂತದ್ದನ್ನೂ ಎಲ್ಲರೂ ನೋಡಿದ್ದೇವೆ. ಅತ್ತ ಮಂಗಳೂರು–ಕಾರ್ಕಳ ಹೆದ್ದಾರಿ ಅಗಲ ಆಗುತ್ತಿದೆ.

ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ವಿಚಾರ ಉಂಟು. ವಿದ್ಯುತ್ ಸಾಗಣೆ ಮಾರ್ಗಕ್ಕೆ ಪರಿಸರ ಪರಿಣಾಮ ವರದಿ ಬೇಕಾಗಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲೇ ಅದು ಇಲ್ಲ. ಅರಣ್ಯ ಭೂಮಿ ಸಿಕ್ಕಿದರೆ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಖಾಸಗಿ ಜಾಗ, ಕುಮ್ಕಿ, ದೇವರ ಬನದ ಬದಿಯಲ್ಲಿ ಹೋಗುವಾಗ ಅಹವಾಲು ಸಭೆ ಅನ್ನುವುದೇ ಇಲ್ಲ. ಆಗ ಅಲ್ಲಿ ಏನಿತ್ತು ಅನ್ನುವುದಕ್ಕೆ ಉಳಿಯುವ ಸಾಕ್ಷಿ ಮರಗಳ ಮಹಜರು ಮಾತ್ರ. ಅದರಲ್ಲಿ ತೆಂಗು, ಅಡಿಕೆಗೆ ಹೆಸರು ಉಂಟು, ದರವೂ ಉಂಟು. ಉಳಿದದ್ದೆಲ್ಲ ‘ಕಾಡು ಜಾತಿ’.

ನಮ್ಮ ಕಡೆ ಹಳೆಯ ಕಾಡಿನ ತುಂಡುಗಳು ಉಳಿದಿರುವುದು ಹೆಚ್ಚಾಗಿ ನಾಗಬನಗಳಲ್ಲಿ, ಹೊಳೆ ಬದಿಯಲ್ಲಿ ಮತ್ತು ದೈವಸ್ಥಾನದ ಹಿಂದಿನ ಪೊದೆಗಳಲ್ಲಿ. ಕಾಪು ತಾಲೂಕಿನ ಬಯಲು ಜಾಗದಲ್ಲಿ ಇವು ಬಿಟ್ಟರೆ ಬೇರೆ ಎಲ್ಲಿ ಉಂಟು ಹೇಳಿ? ಆದರೆ ಜೀರ್ಣೋದ್ಧಾರ ಅಂತ ಮರ ಕಡಿದು, ಸುತ್ತ ಗೋಡೆ ಕಟ್ಟಿ, ನೆಲಕ್ಕೆ ಇಂಟರ್‌ಲಾಕ್ ಹಾಕುವುದು ಈಗ ರೂಢಿ ಆಗಿಬಿಟ್ಟಿದೆ. ಇದು ಕಂಪೆನಿಯೂ ಸರಕಾರವೂ ಮಾಡಿದ ಕೆಲಸ ಅಲ್ಲ, ನಾವೇ ರಶೀದಿ ಪುಸ್ತಕ ಹಿಡಿದು ಹಣ ಎತ್ತಿ ಮಾಡಿದ್ದು. ಕಡಿಯುವ ಮೊದಲು ಅಲ್ಲಿ ಯಾವ ಮರ ಇತ್ತು ಅಂತ ಒಂದು ಚೀಟಿಯಲ್ಲಾದರೂ ಬರೆದಿಟ್ಟವರು ಎಷ್ಟು ಮಂದಿ?

ಗುರುತು ತಪ್ಪಿದರೆ ಜೀವಕ್ಕೇ ಬರುತ್ತದೆ

ಮರದ ಗುರುತು ಹಿಡಿಯುವುದು ಪ್ರೊಫೆಸರ್‌ಗಳ ಕೆಲಸ ಅಂತ ಅಂದುಕೊಳ್ಳುವವರು ಆಟಿ ಅಮಾವಾಸ್ಯೆಯನ್ನು ನೆನಪು ಮಾಡಿಕೊಳ್ಳಿ. ಪಾಲೆ ಮರದ ಕೆತ್ತೆ ತಂದು ಕಷಾಯ ಕುಡಿಯದ ಮನೆ ನಮ್ಮಲ್ಲಿ ಕಮ್ಮಿ. ಪಾಲೆ ಅಂತ ತಪ್ಪಿ ಕಾಸರಕದ ತೊಗಟೆ ತಂದರೆ ಗತಿ ಏನು ಅಂತ ಹಿರಿಯರಿಗೆ ಗೊತ್ತು. ಅದರಲ್ಲಿ ಸ್ಟ್ರಿಕ್ನಿನ್ ಎಂಬ ಕಡು ವಿಷ ಉಂಟು. ಪಾಲೆಯಲ್ಲಿ ಒಂದೇ ಗೆಣ್ಣಿನಿಂದ ಐದಾರು ಎಲೆ ಸುತ್ತಲೂ ಬರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೇ, ಹಾಲು ಇಲ್ಲ, ಎಲೆಯ ಬುಡದಿಂದಲೇ ಮೂರೋ ಐದೋ ದಪ್ಪ ನರ ಹೊರಡುತ್ತವೆ.

ಹಿಂದೆ ಇಷ್ಟು ಮಕ್ಕಳಿಗೂ ಗೊತ್ತಿತ್ತು. ಈಗ ಬೆಳಗಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಹೋಗಿ ಯಾವುದೋ ಮರಕ್ಕೆ ಕಲ್ಲು ಹಾಕುವ ಕಾಲ. ಸಂಶಯ ಇದ್ದರೆ ಗೊತ್ತಿರುವ ಹಿರಿಯರನ್ನು ಕರೆದುಕೊಂಡು ಹಗಲಿನಲ್ಲೇ ಮರ ನೋಡಿ ಗುರುತು ಮಾಡಿ ಇಡುವುದು ಒಳ್ಳೆಯದು. ಆ ಹಿರಿಯರ ತಲೆಯಲ್ಲಿ ಇರುವ ಮರದ ಹೆಸರುಗಳನ್ನು ಬರೆದಿಡದೆ ಹೋದರೆ, ಅವರ ಜತೆಗೇ ಅದೂ ಹೋಗುತ್ತದೆ.

ನಮ್ಮ ಜಿಲ್ಲೆ ಈ ವಿಷಯದಲ್ಲಿ ಬರಿಗೈ ಅಲ್ಲ. ಉಡುಪಿ ಪೂರ್ಣಪ್ರಜ್ಞ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಕೆ. ಗೋಪಾಲಕೃಷ್ಣ ಭಟ್ ಅವರು 2003ರಲ್ಲೇ ‘ಫ್ಲೋರಾ ಆಫ್ ಉಡುಪಿ’ ಎಂಬ ದೊಡ್ಡ ಗ್ರಂಥ ತಂದರು. ಆಮೇಲೆ ಇಡೀ ಹಳೆ ದಕ್ಷಿಣ ಕನ್ನಡ ಜಿಲ್ಲೆಯ ಸಸ್ಯಗಳ ಬಗ್ಗೆಯೂ ಬರೆದರು. ಎಷ್ಟೋ ಜಿಲ್ಲೆಗಳಿಗೆ ಇಂಥದ್ದೊಂದು ಪುಸ್ತಕವೇ ಇಲ್ಲ. ಪುಸ್ತಕ ನಮ್ಮಲ್ಲಿ ಉಂಟು, ಮಹಜರಿಗೆ ಹೋಗುವವರ ಕೈಗೆ ಮಾತ್ರ ಅದು ತಲುಪಿಲ್ಲ.

‘ಮರ ಸಿಕ್ಕಿದರೆ ಜಾಗ ಹೋಗ್ತದಾ?’

ಇದು ಜಾಗ ಇರುವ ಎಲ್ಲರ ಮನಸ್ಸಿನ ಪ್ರಶ್ನೆ. ಅಪರೂಪದ ಮರ ಉಂಟು ಅಂತ ಬಾಯಿ ಬಿಟ್ಟರೆ ನಾಳೆ ಅರಣ್ಯ ಇಲಾಖೆಯವರು ಬಂದು ಕಲ್ಲು ಹಾಕಿದರೆ? ಹೆದರಿಕೆಗೆ ಕಾರಣ ಇಲ್ಲ ಅಂತ ಹೇಳುವುದಿಲ್ಲ. ಡೀಮ್ಡ್ ಫಾರೆಸ್ಟ್ ಗೊಂದಲದಲ್ಲಿ ಒದ್ದಾಡಿದವರು ನಮ್ಮಲ್ಲೇ ಇದ್ದಾರೆ.

ಆದರೆ ಎರಡನ್ನು ಒಂದೇ ಮಾಡಬಾರದು. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪ್ರತಿ ಪಂಚಾಯತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜನರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲೆ ಮಾಡಬೇಕು. ದಾಖಲೆಗೆ ಹೆಸರು ಬಿದ್ದ ಮಾತ್ರಕ್ಕೆ ಆರ್‌ಟಿಸಿ ಬದಲಾಗುವುದಿಲ್ಲ. ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರೂ, ಊರಿನವರು ರೂಢಿಯಲ್ಲಿ ಮಾಡಿಕೊಂಡು ಬಂದದ್ದಕ್ಕೆ ಅಡ್ಡಿ ಮಾಡಬಾರದು, ಅವರೇ ಒಪ್ಪಿ ಹಾಕಿಕೊಂಡ ಕಟ್ಟುಪಾಡು ಮಾತ್ರ ಇರಬೇಕು ಅಂತ ಮಾರ್ಗಸೂಚಿ ಹೇಳುತ್ತದೆ. ದೇವನಹಳ್ಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲೇ ಅಂಥ ತಾಣ ಆಯಿತು, ದೇಶದಲ್ಲೇ ಮೊದಲನೆಯದು. ನಮ್ಮ ಪಕ್ಕದ ದಕ್ಷಿಣ ಕನ್ನಡದಲ್ಲಿ ಕುಮಾರಧಾರಾ ಹೊಳೆಯ ಉರುಂಬಿ ಪ್ರದೇಶವನ್ನು ಹಾಗೆ ಮಾಡುವ ತೀರ್ಮಾನವೂ 2021ರಲ್ಲಿ ಬಂತು.

ಇನ್ನೊಂದು ಬದಿಯನ್ನೂ ಹೇಳಬೇಕು. ಹೆಸರು ಬಂದ ಮೇಲೆ ಬೆಲೆ ಬಂದು ಮರಕ್ಕೆ ತೊಂದರೆ ಆದದ್ದೂ ಉಂಟು. ಉಪ್ಪಾಗೆ ಸಿಪ್ಪೆಗೆ ಹೊರದೇಶದಲ್ಲಿ ಬೇಡಿಕೆ ಬಂದಾಗ ಉತ್ತರ ಕನ್ನಡದ ಕಾಡಿನಲ್ಲಿ ಕಾಯಿ ಹಣ್ಣಾಗುವ ಮೊದಲೇ ಕೊಂಬೆ ಮುರಿದು ಕೊಯ್ದವರಿದ್ದರು. ರಾಂಪತ್ರೆಗೂ ಅದೇ ಗತಿ. ಹಾಗಾಗಿ ಅಪರೂಪದ ಮರ ಸಿಕ್ಕಿದರೆ ಜಾಗದ ಲೊಕೇಶನ್ ಸಮೇತ ವಾಟ್ಸ್ಯಾಪ್ ಗ್ರೂಪಿಗೆ ಹಾಕುವ ಬುದ್ಧಿವಂತಿಕೆ ಬೇಡ. ಗೊತ್ತಿರುವವರಿಗೆ ತೋರಿಸಿ, ಪಂಚಾಯತಿ ದಾಖಲೆಗೆ ಸೇರಿಸಿ. ಸದ್ಯಕ್ಕೆ ಅಷ್ಟು ಸಾಕು.

ಈಗ ಮಾಡಬಹುದಾದದ್ದು

ಒಂದು, ಪಂಚಾಯತಿಗೆ ಹೋಗಿ ನಮ್ಮ ಊರಿನ ಜೀವವೈವಿಧ್ಯ ದಾಖಲೆ ತೋರಿಸಿ ಅಂತ ಕೇಳಿ. ಅದರಲ್ಲಿ ನಿಮ್ಮ ಬನದ, ಹೊಳೆಬದಿಯ ಮರಗಳ ಹೆಸರು ಉಂಟಾ ನೋಡಿ. ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಲಿಕ್ಕೆ ಐದು ನಿಮಿಷ ಸಾಕು.

ಎರಡು, ಸಾರ್ವಜನಿಕ ಕೆಲಸಕ್ಕೆ ಮರ ಕಡಿಯುವುದಿದ್ದರೆ, ಸಂಖ್ಯೆ 50 ದಾಟಿದರೆ ವೃಕ್ಷ ಅಧಿಕಾರಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು ಅಂತ ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆಗ ‘ಕಡಿಯಬೇಡಿ’ ಅಂತ ಮಾತ್ರ ಬರೆಯಬೇಡಿ. ಮರಗಳ ಜಾತಿವಾರು ಪಟ್ಟಿ ಕೊಡಿ, ‘ಕಾಡು ಜಾತಿ’ ಅಂದರೆ ಯಾವ್ಯಾವುದು ಅಂತ ಬರೆಯಿರಿ ಎಂದು ಕೇಳಿ.

ಮೂರು, ಮಹಜರಿಗೆ ಸಹಿ ಹಾಕುವ ಮೊದಲು ಓದಿ. ಪರಿಹಾರದ ಮೊತ್ತ ನೋಡುವುದು ಸರಿಯೇ, ಅದರ ಜತೆಗೆ ಕೊನೆಯ ಆ ಸಾಲನ್ನೂ ನೋಡಿ. ಗೊತ್ತಿರುವ ಹೆಸರು ತುಳುವಿನಲ್ಲಾದರೂ ಸರಿ, ಬರೆಸಿ. ತುಳು ಹೆಸರು ಇದ್ದರೆ ಮುಂದೆ ಯಾರಾದರೂ ಗುರುತು ಹಿಡಿಯಬಹುದು.

ನಾಲ್ಕು, ಗುರುತು ಸಿಗದ ಮರದ ಫೋಟೋ ತೆಗೆಯುವಾಗ ಎಲೆ ಒಂದೇ ಸಾಲದು. ಹೂವು ಅಥವಾ ಕಾಯಿ, ಎಲೆಯ ಹಿಂಬದಿ, ತೊಗಟೆ ಇಷ್ಟೂ ಬೇಕು. ಯಾವ ತಿಂಗಳು ಅಂತ ಬರೆದಿಡಿ. ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಕಳಿಸಿದರೆ ಹೇಳುವವರು ಇದ್ದಾರೆ. ಸೊನೆ ಬರುವ ಮರವಾದರೆ ಬರಿಗೈಯಲ್ಲಿ ಮುಟ್ಟಬೇಡಿ.

ಐದು, ಬನದ ಜೀರ್ಣೋದ್ಧಾರ ಸಮಿತಿಯಲ್ಲಿ ಇರುವವರು ಒಂದು ಮಾತು ಆಲೋಚನೆ ಮಾಡಿ. ಕಲ್ಲಿನ ಕಟ್ಟೆ ಎಷ್ಟೇ ಚಂದ ಇರಲಿ, ನಾಗನಿಗೆ ಹಿರಿಯರು ಬಿಟ್ಟು ಕೊಟ್ಟದ್ದು ಬನವನ್ನು. ಕಡಿದ ಮೇಲೆ ಬದಲಿಗೆ ಅಕೇಶಿಯಾ ನೆಟ್ಟರೆ ಸಂಖ್ಯೆ ಸರಿ ಆಗಬಹುದು, ಮರ ಸರಿ ಆಗುವುದಿಲ್ಲ.

ಕಡೆಗೆ ಒಂದು ನೆನಪು. ಇಪ್ಪೆಯ ಬಳಗದ ಇನ್ನೊಂದು ಮರ, ಮಧುಕಾ ಇನ್‌ಸಿಗ್ನಿಸ್, 1998ರ ಜಾಗತಿಕ ಕೆಂಪು ಪಟ್ಟಿಯಲ್ಲಿ ‘ಅಳಿದು ಹೋಗಿದೆ’ ಅಂತ ಸೇರಿತ್ತು. ಆಮೇಲೆ ಹಳೆ ದಕ್ಷಿಣ ಕನ್ನಡದ ಹೊಳೆಬದಿಯಲ್ಲೇ ಅದು ಮತ್ತೆ ಸಿಕ್ಕಿತು. ಪುಸ್ತಕದಲ್ಲಿ ಸತ್ತುಹೋಗಿದ್ದ ಮರ ಊರಿನಲ್ಲಿ ಸುಮ್ಮನೆ ನಿಂತಿತ್ತು. ಅಷ್ಟು ವರ್ಷ ಅದರ ಕೆಳಗೆ ನಡೆದಾಡಿದವರಿಗೆ ಅದು ಬರೀ ಒಂದು ಕಾಡು ಮರ.

ಎಲ್ಲೂರಿನ ಯಾವುದೋ ಬನದ ಮೂಲೆಯಲ್ಲೂ ಅಂಥದ್ದೊಂದು ನಿಂತಿರಬಹುದು, ಇಲ್ಲದೆಯೂ ಇರಬಹುದು. ನೋಡದೆ ಹೇಳಲಿಕ್ಕಾಗುವುದಿಲ್ಲ. ಮಹಜರು ಆಗುವ ಮೊದಲು ಒಮ್ಮೆ ಹೋಗಿ ನೋಡಿ ಬರುವುದಕ್ಕೆ ನಮಗೆ ಖರ್ಚು ಏನೂ ಇಲ್ಲ ಮಾರಾಯ್ರೆ.